ಮೊದಲ ತುತ್ತು ಹೊನ್ನಕ್ಕನದು

ಇನ್ನೂ ಮಂಜು ಕರಗಿಲ್ಲ. ಪುರವರದಿಂದ ಎರಡು ಮೈಲಿ ಒಳಗಿರುವ ಕುರಿಯವರ ಹಟ್ಟಿಯಲ್ಲಿ, ಹುಣಸೆಮರದ ಕೆಳಗೆ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಹೆಂಗಸೊಬ್ಬಳು ಬಾನಿಯಲ್ಲಿ ಕೆಮ್ಮಣ್ಣು ಕಲಸುತ್ತಿದ್ದಾಳೆ. ಗೋಡೆ ಸಾರಿಸುವುದಕ್ಕಿರಬೇಕು ಅಂದುಕೊಂಡು ನಾನು ಬೇಲಿಯ ಪಕ್ಕ ನಿಂತಿದ್ದೇನೆ. ನೋಡನೋಡುತ್ತ ಆಕೆ ಆ ಕೆಂಪು ರಾಡಿಯನ್ನು ಎತ್ತಿ, ಅಂಗಳದಲ್ಲಿ ಹರವಿದ್ದ ಕಾಳಿನ ಮೇಲೆ ಸುರಿದು, ಎರಡೂ ಕೈಯಿಂದ ಕಲಸತೊಡಗುತ್ತಾಳೆ. ಯುದ್ಧ ಮುಗಿದು ವರ್ಷದ ಮೇಲಾದರೂ ರೇಷನ್ ಕಾರ್ಡು ಮುಗಿದಿಲ್ಲ. ಎರಡು ಸೇರು ಅಕ್ಕಿಗೆ ಬೆಂಗಳೂರಿನ ಡಿಪೋ ಮುಂದೆ ಅರ್ಧ ದಿನ ನಿಂತು ಬಂದ ಪತ್ರಿಕೆಯವನು ನಾನು.

ಆಕೆ ತಲೆ ಎತ್ತಿ ನನ್ನ ಮುಖ ನೋಡಿ ನಗುತ್ತಾಳೆ. "ಉಣ್ಣೋ ಕಾಳಿಗೆ ಮಣ್ಣಾಕ್ತಾವ್ಳೆ ಮುದುಕಿ ಅಂದ್ಕೊಂಡ್ರಾ ಸ್ವಾಮಿ? ಮಣ್ಣಾಕಿದ್ರೇನೇ ಇದು ಮನುಷ್ಯರ ಹೊಟ್ಟೆಗಾಗೋದು. ಬನ್ನಿ, ಅಲ್ಲಿ ಮುಳ್ಳೈತೆ, ಇತ್ಲಾಗಿಂದ ಬನ್ನಿ."

ಇವಳೇ ಹೊನ್ನಕ್ಕ. ವಯಸ್ಸು ಐವತ್ತರ ಮೇಲೆ ಎರಡೋ ಮೂರೋ. ಕಸುಬು ಹಾರಕ ಹಸನು ಮಾಡುವುದು. ಹಾರಕ ಕಂಡಿಲ್ಲದವರಿಗೆ ಇಷ್ಟು ಹೇಳಬೇಕು: ಸಾಸಿವೆಗಿಂತ ತುಸು ದಪ್ಪನಾದ, ಕಂದು ಬಣ್ಣದ, ಬಡವರ ಹೊಲದ ಕಾಳು. ಏಳು ಸಿಪ್ಪೆ ಉಟ್ಟುಕೊಂಡು ಹುಟ್ಟುತ್ತದೆ ಎನ್ನುತ್ತಾರೆ. ಸುಮ್ಮನೆ ಬೀಸಿದರೆ ಸಿಪ್ಪೆ ಜಾರುತ್ತದೆಯೇ ಹೊರತು ಬಿಡುವುದಿಲ್ಲ. ಅದಕ್ಕೇ ಕೆಮ್ಮಣ್ಣು. ಮಣ್ಣಿನ ನೀರು ಕುಡಿಸಿ ಮೂರು ಬಿಸಿಲು ಒಣಗಿಸಿದರೆ ಸಿಪ್ಪೆಗೆ ಹಿಡಿತ ಬರುತ್ತದೆ. ಆಮೇಲೆ ಮಣ್ಣಿನದೇ ಬೀಸುಕಲ್ಲಿನಲ್ಲಿ ಬೀಸಿ, ಕೇರಿ, ಮತ್ತೆ ಬೀಸಿ, ಮತ್ತೆ ಕೇರಿ, ಕೊನೆಗೆ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿದರೆ ಬೆಳ್ಳಗಿನ ಅಕ್ಕಿ ಬೀಳುತ್ತದೆ. ಒಂದು ಕೊಳಗ ಕೊಟ್ಟರೆ ಅರ್ಧ ಕೊಳಗ ಸಿಕ್ಕೀತು. ಮಿಕ್ಕಿದ್ದೆಲ್ಲ ಹೊಟ್ಟು.

ದಿನಕ್ಕೆ ಎರಡು ಕೊಳಗ ಬೀಸುತ್ತಾಳೆ. ಮೊದಲು ನಾಲ್ಕು ಬೀಸುತ್ತಿದ್ದಳಂತೆ. ಈಗ ಕೈ ನಡುಗುತ್ತದೆ. ಮಾತಾಡುವಾಗ ಬಲಗೈಯನ್ನು ಎಡಗೈಯಿಂದ ಹಿಡಿದುಕೊಳ್ಳುತ್ತಾಳೆ. ಮೊದಲು ಅದು ಸಂಕೋಚವೆಂದುಕೊಂಡೆ. ಕೂಲಿ ಕಾಳಿನಲ್ಲೇ, ಕೊಳಗಕ್ಕೆ ಅರ್ಧ ಸೇರು. ಕೊಳಾಲದ ಕಡೆಯಿಂದ ಗಾಡಿಯಲ್ಲಿ ಬರುತ್ತದೆ, ಮಧುಗಿರಿಯಿಂದ ಕತ್ತೆಯ ಮೇಲೆ ಬರುತ್ತದೆ, ಶಿರಾ ದಾರಿಯ ಹಳ್ಳಿಗಳಿಂದ ತಲೆಹೊರೆಯಲ್ಲಿ ಬರುತ್ತದೆ. ಹಾರಕ ಬೀಸುವವರು ಅಲ್ಲೆಲ್ಲ ಇದ್ದಾರೆ. ಆದರೂ ಹೊಸ ಹಾರಕ ಇವಳ ಅಂಗಳಕ್ಕೇ ಬರಬೇಕು. ಯಾಕೆ ಅಂತ ನನಗೆ ಹೇಳಿದವರು ಮಧುಗಿರಿಯ ನಂದೀಶ್ವರಯ್ಯನವರು.

ನಂದೀಶ್ವರಯ್ಯನವರು ನಿವೃತ್ತರಾದ ಮಿಡ್ಲ್‌ಸ್ಕೂಲ್ ಮೇಷ್ಟರು. ಮಧುಗಿರಿಯಲ್ಲಿ ನಾನು ಪೆಟ್ರೋಲಿನ ಬದಲು ಇದ್ದಲಲ್ಲಿ ಓಡುವ ಬಸ್ಸಿನಿಂದ ಇಳಿದಾಗ ಮೈಯೆಲ್ಲ ಮಸಿ. ಮುಖ ತೊಳೆಯಲು ನೀರು ಕೊಟ್ಟವರೇ ತಮ್ಮ ಕಾಯಿಲೆಯ ಕಥೆ ತೆಗೆದರು. ನಾಲ್ಕು ವರ್ಷದಿಂದ ಸಿಹಿಮೂತ್ರ. ಬೆಂಗಳೂರಿನ ಡಾಕ್ಟರು ಅನ್ನ ಕಮ್ಮಿ ಮಾಡಿ ಅಂದರು. "ಅನ್ನ ಉಂಡರೆ ಗಂಟೆಯೊಳಗೆ ಬಾಯಿ ಒಣಗೋದು, ಅಂಗಾಲು ಉರಿಯೋದು. ಹಾರಕದ ಅನ್ನ ಉಂಡು ನೋಡಿದೆ. ಬೆಳಿಗ್ಗೆ ಉಂಡರೆ ಮೂರು ಗಂಟೆ ತನಕ ಹೊಟ್ಟೆ ಕೂಗೋದಿಲ್ಲ. ನಿಧಾನಕ್ಕೆ ಕರಗುತ್ತೆ ಅಂತ ಕಾಣುತ್ತೆ. ಕಾಲುರಿ ಇಳಿಯಿತು. ಡಾಕ್ಟರಿಗೆ ಹೇಳಿದರೆ ಹಾರಕ ಅಂದರೆ ಏನು ಅಂತ ನನ್ನನ್ನೇ ಕೇಳಿದರು."

ಮೇಷ್ಟರಿಗೆ ಇನ್ನೊಂದು ಹುಚ್ಚು, ಯಾವ ಬೆಳೆ ಎಲ್ಲಿಂದ ಬಂತು ಎಂಬುದು. "ಮೆಣಸಿನಕಾಯಿ ಇಲ್ಲದ ಸಾರು ಊಹಿಸಿಕೊಳ್ಳಿ ನೋಡೋಣ. ಅದು ಫರಂಗಿಯವರ ಹಡಗಿನಲ್ಲಿ ಬಂದಿದ್ದು. ನಮ್ಮ ಹೊಲವನ್ನೆಲ್ಲ ನುಂಗ್ತಾ ಇರೋ ಈ ಕಡಲೆಕಾಯಿ, ಸೀಬೆ, ಪರಂಗಿಹಣ್ಣು, ಎಲ್ಲ ಸಮುದ್ರ ದಾಟಿ ಬಂದ ನೆಂಟರು. ರಾಗಿಯೂ ಆಫ್ರಿಕಾ ಕಡೆಯದು ಅಂತ ಕೆಲವರು ಹೇಳ್ತಾರೆ. ಅದನ್ನ ಈ ಸೀಮೆಯಲ್ಲಿ ಗಟ್ಟಿಯಾಗಿ ಹೇಳಬೇಡಿ, ದೊಣ್ಣೆ ತರ್ತಾರೆ. ಹಾರಕ ಮಾತ್ರ ಎಲ್ಲಿಂದಲೂ ಬಂದಿದ್ದಲ್ಲ. ಇಲ್ಲೇ ಕೆರೆ ಹಿಂದೆ ಹುಲ್ಲಾಗಿ ನಿಂತಿತ್ತು. ಯಾವಳೋ ಹಸಿದವಳು ತೆನೆ ಉದುರಿಸಿ ತಿಂದು ನೋಡಿದಳು. ನಾವು ತಿನ್ನೋ ಪ್ರತಿ ಸೊಪ್ಪು, ಪ್ರತಿ ಗೆಡ್ಡೆಯ ಹಿಂದೆ ಇಂಥವಳೊಬ್ಬಳು ಇದ್ದಾಳೆ ಸ್ವಾಮಿ. ಕೆಲವರು ತಿಂದು ಬದುಕಿದರು, ಕೆಲವರು ಸತ್ತರು. ಅವರ ಹೆಸರು ಎಲ್ಲಾದರೂ ಬರೆದಿದ್ದಾರೆಯೇ?"

ಆಮೇಲೆ, "ಒಬ್ಬಳು ಇನ್ನೂ ಬದುಕಿದ್ದಾಳೆ. ಹೋಗಿ ಮಾತಾಡಿಸಿ" ಎಂದರು.

ಹಾರಕಕ್ಕೆ ಒಂದು ಕೆಟ್ಟ ಗುಣವಿದೆ. ತೆನೆ ಮಾಗಿದ ಮೇಲೆ, ಇಲ್ಲವೇ ಕೊಯ್ದು ಮೆದೆ ಹಾಕಿದ ಮೇಲೆ, ಮಳೆ ಹಿಡಿದರೆ ಕಾಳು ನಂಜಾಗುತ್ತದೆ. ಎಲ್ಲ ಸಲವೂ ಆಗುವುದಿಲ್ಲ, ಎಲ್ಲ ಕಾಳೂ ಆಗುವುದಿಲ್ಲ. ಕಣ್ಣಿಗೆ ಗೊತ್ತಾಗುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಉಂಡವರಿಗೆ ಮೊದಲು ತಲೆ ತಿರುಗುತ್ತದೆ, ಆಮೇಲೆ ನಡುಕ, ವಾಂತಿ, ಮಂಪರು. ದೊಡ್ಡವರು ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಮಕ್ಕಳ ಮಾತು ಹೇಳಲಾಗದು. ಹಳತಾದರೆ ನಂಜು ಸಾಯುತ್ತದೆ ಎಂದು ಈ ಕಡೆಯವರು ನಂಬುತ್ತಾರೆ. ಅದಕ್ಕೇ ಉಳ್ಳವರು ಹೊಸದನ್ನು ವರ್ಷಗಟ್ಟಲೆ ಮಲಗಿಸಿ ಹಳೆಯದನ್ನು ಉಣ್ಣುತ್ತಾರೆ. ಮಲಗಿಸಲು ಹಳೆಯದು ಇರಬೇಕಲ್ಲ?

ಹೊನ್ನಕ್ಕನ ಕೆಲಸ ಇಲ್ಲಿ ಬರುತ್ತದೆ. ಹೊಸ ಹಾರಕ ಯಾರದೇ ಇರಲಿ, ಅದನ್ನು ಹಸನು ಮಾಡಿದ ಮೇಲೆ ಮೊದಲು ಈಕೆ ಬೇಯಿಸಿ ಉಣ್ಣುತ್ತಾಳೆ. ಉಂಡು ಮಾರನೆಯ ಬೆಳಗಿನ ತನಕ ಹುಣಸೆಮರದ ಕೆಳಗೆ ಕೂರುತ್ತಾಳೆ. ಏನೂ ಆಗದಿದ್ದರೆ ಚೀಲದ ಬಾಯಿ ಕಟ್ಟಿ ಕೊಡುತ್ತಾಳೆ. ನಂಜು ಹಿಡಿದರೆ ಕೈಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಚೀಲದ ಮೇಲೆ ಒತ್ತುತ್ತಾಳೆ. ಕೆಂಪು ಹಸ್ತ ಬಿದ್ದ ಚೀಲವನ್ನು ಮುಂದಿನ ವರ್ಷದ ತನಕ ಯಾರೂ ಬಿಚ್ಚುವ ಹಾಗಿಲ್ಲ. ಈ ಸುತ್ತಿನ ಹಳ್ಳಿಗಳಲ್ಲಿ ಯಾವುದಾದರೂ ಹೊಸ ಕೆಲಸಕ್ಕೆ ಆತುರಪಟ್ಟರೆ "ಹೊನ್ನಕ್ಕ ಉಂಡಳೇನು?" ಎಂದು ಕೇಳುವುದು ವಾಡಿಕೆಯ ಮಾತಾಗಿಬಿಟ್ಟಿದೆ. ಕೇಳುವವರಲ್ಲಿ ಅರ್ಧ ಜನ ಹೊನ್ನಕ್ಕನನ್ನು ನೋಡಿಯೇ ಇಲ್ಲ.

ಇಪ್ಪತ್ತೇಳು ವರ್ಷದಿಂದ ಹೀಗೆ ಉಣ್ಣುತ್ತಿದ್ದಾಳೆ. ಎಷ್ಟು ಸಲ ನಂಜು ಹಿಡಿದಿದೆ ಎಂದು ಕೇಳಿದೆ. ಮನೆಗಳ ಹೆಸರು ಹೇಳುತ್ತ ಬೆರಳು ಮಡಿಸಿದಳು. ಹನ್ನೊಂದಕ್ಕೆ ನಿಂತಿತು. "ಹನ್ನೊಂದು ಮನೆ ಉಳ್ಕೊಂಡ್ವು ಅನ್ನಿ" ಎಂದಳು.

ಈ ಸಲದ ಕಾರ್ತಿಕದಲ್ಲಿ ಜಡಿಮಳೆ ಹಿಡಿದದ್ದು ಓದುಗರಿಗೆ ನೆನಪಿರಬಹುದು. ಬೆಂಗಳೂರಿನಲ್ಲಿ ನಾವು ಬೋಂಡ ಕರಿಸಿಕೊಂಡು ತಿಂದೆವು. ಇಲ್ಲಿ ಹಾರಕದ ಮೆದೆಗಳು ಐದು ದಿನ ನೆನೆದವು. ರಾಗಿಯನ್ನು ಸರ್ಕಾರದವರು ಲೆವಿ ಎಂದು ಅಳೆಸಿಕೊಂಡು ಹೋಗಿದ್ದಾರೆ. ಡಿಪೋದಲ್ಲಿ ಯಾವುದೋ ದೇಶದ ಮುಸುಕಿನ ಜೋಳ ಕೊಡುತ್ತಿದ್ದಾರೆ, ಅದೂ ಬಂದ ವಾರ ಬಂತು, ಬಾರದ ವಾರ ಇಲ್ಲ. ಹೀಗಾಗಿ ಈ ವರ್ಷ ಹೊನ್ನಕ್ಕನ ಅಂಗಳದಲ್ಲಿ ಕಾಯುವವರು ಹೆಚ್ಚು.

ನಾನು ಹೋದ ದಿನ ಕಾಯುತ್ತಿದ್ದವನು ಅದೇ ಹಟ್ಟಿಯ ಕ್ಯಾತಣ್ಣ. ಮೂವತ್ತರ ಒಳಗಿನ ಆಳು. ಹೆಂಡತಿ ಹೆತ್ತು ಹನ್ನೆರಡು ದಿನ. ಮೇಲೆ ಇಬ್ಬರು ಮಕ್ಕಳು. ಮನೆಯಲ್ಲಿ ಹಳೆಯ ಕಾಳು ಒಂದು ಹಿಡಿಯೂ ಇಲ್ಲ. ಎರಡು ಚೀಲ ಹಾರಕ ಹೊನ್ನಕ್ಕನ ಜಗಲಿಯ ಮೇಲಿದೆ, ಮೂರು ದಿನದ ಹಿಂದೆಯೇ ಹಸನಾಗಿದೆ, ಆದರೂ ಅವಳು ಬಿಟ್ಟಿಲ್ಲ. ನಡುವೆ ಬೇರೆ ಇಬ್ಬರದು ಉಂಡು ನೋಡಬೇಕಾಗಿತ್ತು. ಒಂದು ದಿನಕ್ಕೆ ಒಂದೇ ಮನೆಯದು ಎಂಬುದು ಅವಳ ಕಟ್ಟು. ಆ ಎರಡೂ ಏನೂ ಮಾಡಲಿಲ್ಲ. ಇವತ್ತು ಕ್ಯಾತಣ್ಣನ ಸರದಿ.

"ಅಕ್ಕ, ಮ್ಯಾಲಿನ ಮೆದೆ ನೆಂದೇ ಇರ್ಲಿಲ್ಲ ಕಣಕ್ಕ. ಕಂಬ್ಳಿ ಹೊದ್ಸಿದ್ದೆ. ಅದನ್ನಾದ್ರೂ ಕೊಡು, ಹೈಕ್ಳು ನಿನ್ನೆಯಿಂದ ಬರೀ ಸೊಪ್ಪು ತಿಂತಾವೆ" ಎಂದು ಅವನು ಗೋಗರೆದ.

"ಮ್ಯಾಲಿಂದು ಯಾವ್ದು, ಕೆಳಗಿಂದು ಯಾವ್ದು ಅಂತ ಈಗ ನೀನೇ ತೋರ್ಸು ನೋಡಾನ. ತಳದ್ದು ಬ್ಯಾರೆ ಒಕ್ಕು, ಬ್ಯಾರೆ ಚೀಲಕ್ಕೆ ಹಾಕು ಅಂತ ಎಷ್ಟು ಬಡ್ಕೊಂಡೆ. ಎಲ್ಲಾ ಒಂದೇ ರಾಶಿ ಮಾಡ್ಕೊಂಡ್ ಬಂದಿದ್ದೀಯ. ಈಗ ಆದ್ರೆ ಎಲ್ಲಾ ಆಯ್ತು, ಹೋದ್ರೆ ಎಲ್ಲಾ ಹೋಯ್ತು."

"ಆತುರ ಆಗ್ಬುಡ್ತು ಅಕ್ಕ."

"ಗೊತ್ತು ಬುಡ್ಲಾ. ಕುಂತ್ಕೋ." ಹೊನ್ನಕ್ಕನ ದನಿ ಇಳಿಯಿತು. "ಬಾಣಂತಿಗೆ ಸಬ್ಸಿಗೆ ಸೊಪ್ಪು ಹಾಕಿದ್ದಾ? ಹಾಲಿಗೆ ಒಳ್ಳೇದು. ಹಿತ್ಲಲ್ಲೈತೆ, ಕಿತ್ಕೊಂಡೋಗು. ಹೈಕ್ಳಿಗೆ ಹೊನಗೊನ್ನೆ ಬೇಯ್ಸಿ ಹಾಕು, ಕಣ್ಣಿಗಾಯ್ತದೆ. ಬರೀ ಸೊಪ್ಪು ಅಂತ ಬೈಕೊಬ್ಯಾಡ, ಸೊಪ್ಪು ಯಾರ್ನೂ ಕೊಂದಿಲ್ಲ."

ಕ್ಯಾತಣ್ಣ ಸೊಪ್ಪು ಕಿತ್ತು ಮನೆಗೆ ಕೊಟ್ಟು ಮತ್ತೆ ಬಂದು ಕೂತ. ಅಷ್ಟು ಹೊತ್ತಿಗೆ ಹೊನ್ನಕ್ಕ ನನ್ನ ಮುಂದೆ ಒಂದು ರಾಗಿ ಮುದ್ದೆ, ಹುರುಳಿ ಸಾರು ಇಟ್ಟಳು. ಬಂದ ನೆಂಟ ಮೊದಲು ಉಣ್ಣಬೇಕು ಎಂದಳು. ಹಸಿದ ಮಕ್ಕಳ ಅಪ್ಪನ ಎದುರು ನುಂಗುವುದು ಸುಲಭವಲ್ಲ. ಅರ್ಧ ಅವನಿಗೆ ಕೊಡಹೋದರೆ ಅವನು ಒಲ್ಲೆನೆಂದ. ಕೊನೆಗೆ ಅದನ್ನು ಎಲೆಯಲ್ಲಿ ಕಟ್ಟಿ ಮಕ್ಕಳಿಗೆ ಕಳಿಸಿದೆವು.

ಮಧ್ಯಾಹ್ನದ ಹೊತ್ತಿಗೆ ಹೊನ್ನಕ್ಕ ಎರಡು ಚೀಲಕ್ಕೂ ಮೊಣಕೈ ತನಕ ಕೈ ಇಳಿಸಿ, ತಳದಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ಮೇಲಿನಿಂದ ಒಂದು ಹಿಡಿ ತೆಗೆದು ಪುಟ್ಟ ಮಡಕೆಯಲ್ಲಿ ಬೇಯಿಸಿದಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಸಾರು ಹಾಕಿಕೊಳ್ಳಲಿಲ್ಲ, ಬರೀ ಉಪ್ಪು. ಸಾರು ಹಾಕಿದರೆ ನಾಲಿಗೆಗೆ ಮೋಸವಾಗುತ್ತದಂತೆ. ಹಟ್ಟಿಯ ನಾಲ್ಕಾರು ಹೆಂಗಸರು ಬೇಲಿಯ ಹತ್ತಿರ ಬಂದು ನಿಂತರು. ಹೊನ್ನಕ್ಕ ಒಂದು ಕ್ಷಣ ಕಣ್ಣು ಮುಚ್ಚಿ, ಮೊದಲ ತುತ್ತು ಬಾಯಿಗಿಟ್ಟಳು.

ಒಂದು ತುತ್ತು ನೋಡಿ ನಿಲ್ಲಿಸುತ್ತಾಳೆ ಎಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಮಡಕೆ ಖಾಲಿಯಾಗುವ ತನಕ ಉಂಡಳು. ಯಾಕೆ ಎಂದು ಕೇಳಿದ್ದಕ್ಕೆ, "ಹಸ್ದಿರೋ ಮಗ ಒಂದು ತುತ್ತು ಉಂಡು ಎದ್ದೋಯ್ತದಾ ಸ್ವಾಮಿ? ಹೊಟ್ಟೆ ತುಂಬ ಉಂಡ್ರೆ ಏನಾಯ್ತದೆ ಅಂತ ತಾನೆ ನೋಡ್ಬೇಕು" ಎಂದಳು.

ಈ ಸೀಮೆಯಲ್ಲಿ, ಈ ಸೀಮೆಯಲ್ಲೇನು, ನಮ್ಮ ಎಲ್ಲ ಮನೆಗಳಲ್ಲೂ ಹೆಂಗಸು ಉಣ್ಣುವುದು ಕೊನೆಗೆ. ಗಂಡಸರದಾಗಿ, ಮಕ್ಕಳದಾಗಿ, ಅತ್ತೆಯದಾಗಿ, ಮಡಕೆಯ ತಳದಲ್ಲಿ ಏನಿದ್ದರೆ ಅದು ಸೊಸೆಗೆ. ನನ್ನ ತಾಯಿ ಊಟ ಮಾಡಿದ್ದನ್ನು ನಾನು ನೋಡಿದ ನೆನಪೇ ಇಲ್ಲ. ಉಂಡಳೋ ಇಲ್ಲವೋ ಎಂದು ಕೇಳಿದ ನೆನಪೂ ಇಲ್ಲ. ಇಲ್ಲಿ ಒಂದು ಹೆಂಗಸು ಉಣ್ಣುವುದನ್ನು ಹತ್ತು ಹಳ್ಳಿ ಕಾದು ನೋಡುತ್ತದೆ. ನೋಡಿ ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಮಡಕೆ ತೊಳೆದಿಟ್ಟು ಆಕೆ ಮರದ ಕೆಳಗೆ ಬಂದು ಕೂತಳು. ಇನ್ನು ಕಾಯುವ ಕೆಲಸ. ನಾನು ಪೇಟೆಯವರ ಬುದ್ಧಿಯಿಂದ ಒಂದು ಪ್ರಶ್ನೆ ಕೇಳಿದೆ. ಇಷ್ಟು ಕಷ್ಟವೇಕೆ, ಒಂದು ಕೋಳಿಗೋ ನಾಯಿಗೋ ಹಾಕಿ ನೋಡಬಾರದೇ?

ಕ್ಯಾತಣ್ಣ ಎದ್ದು ದೂರ ಹೋಗಿ, ಬೇಡದ ಒಂದು ಹಗ್ಗವನ್ನು ಹೊಸೆಯತೊಡಗಿದ. ಅವನಿಗೆ ಈ ಕಥೆ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು.

"ನಾಯಿಗೇ ಹಾಕಿದ್ದು ಸ್ವಾಮಿ" ಎಂದು ಶುರುಮಾಡಿದಳು. "ಆ ದೊಡ್ಡ ಜ್ವರ ಬಂದು ಊರೂರೇ ಮಲಗ್ತಲ್ಲ, ಆ ವರ್ಸ. ಹದಿನೆಂಟ್ನೇ ಇಸ್ವಿ ಅಂತ ಮೇಷ್ಟ್ರು ಹೇಳ್ತಿದ್ರು. ನಮ್ ಮನೇಲಿ ಜ್ವರ ಯಾರ್ನೂ ತಕ್ಕೊಂಡ್ ಹೋಗ್ಲಿಲ್ಲ, ಪುಣ್ಯ ಅಂದ್ಕೊಂಡ್ವಿ. ಆದ್ರೆ ಉಣ್ಣೋಕೆ ಏನೂ ಇರ್ಲಿಲ್ಲ. ಹಾರಕ ಕೊಯ್ದು ಮೆದೆ ಹಾಕಿದ್ವಿ, ಮ್ಯಾಲೆ ಮಳೆ ಹುಯ್ತು. ಹಸ್ನು ಮಾಡೋದು ನನ್ ಕೆಲ್ಸ, ನಾಯಿಗೆ ಹಾಕಿ ನೋಡೋದೂ ನನ್ ಕೆಲ್ಸ. ಆಗ ಎಲ್ಲಾರೂ ಅಂಗೇ ಮಾಡ್ತಿದ್ದಿದ್ದು. ಮ್ಯಾಲಿನ ಸಿವುಡು ಒಕ್ಕಿ, ನಾಯಿಗೆ ಹಾಕ್ದೆ. ನಾಯಿ ಚೆನ್ನಾಗೇ ಇತ್ತು. ನಾಕು ದಿನ ಅದ್ನೇ ಉಂಡ್ವಿ. ಐದ್ನೇ ದಿನ ತಳದ ಸಿವುಡು ಒಕ್ಕಿದ್ದು. ಒಂದೇ ಹೊಲ, ಒಂದೇ ಮೆದೆ, ಇನ್ನೇನು ನೋಡೋದು ಅಂದ್ಕೊಂಡೆ."

ತೊಳೆದಿಟ್ಟ ಮಡಕೆಯ ಕಡೆ ನೋಡುತ್ತ ಮುಂದುವರಿಸಿದಳು.

"ಮಗ್ಳು ಜುಂಜಿ. ಜುಂಜಮ್ಮ ಅಂತ ಹೆಸ್ರು, ಐದು ವರ್ಸ. ಅವತ್ತು ಅವ್ಳಿಗೆ ಹೆಚ್ಚು ಹಾಕ್ದೆ. ಇನ್ನೊಂದಿಷ್ಟು ಅಂದ್ಳು, ಹಾಕ್ದೆ. ಮಾವ ಉಂಡ, ಅತ್ತೆ ಉಂಡ್ಳು, ನಮ್ಮೆಜಮಾನ ಗಂಗಣ್ಣ ಉಂಡ. ನಾನು ಕಡೇಗೆ ಉಣ್ಣೋಳು. ಅವತ್ತು ನಂಗೆ ಉಳೀಲಿಲ್ಲ. ಮಡ್ಕೆ ತೊಳ್ದು ನೀರು ಕುಡ್ದು ಕುಂತ್ಕೊಂಡೆ."

ಅತ್ತೆ ಮಾವ ಗಂಡ ಮೂವರೂ ಎರಡು ದಿನ ತೂಗಾಡಿ, ಬಿದ್ದು, ಎದ್ದರು. ಜುಂಜಿ ಮಾರನೆಯ ಮಧ್ಯಾಹ್ನದ ಮೇಲೆ ಮತ್ತೆ ಕಣ್ಣು ಬಿಡಲಿಲ್ಲ. ಎಲ್ಲರೂ ಮಂಪರಿನಲ್ಲಿದ್ದ ಮನೆಯಲ್ಲಿ ಪೂರ್ತಿ ಎಚ್ಚರವಿದ್ದವಳು ಹೊನ್ನಕ್ಕ ಒಬ್ಬಳೇ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮಜ್ಜಿಗೆ ಹನಿಸಿದಳು, ಹುಣಸೆನೀರು ಹನಿಸಿದಳು. ಇಳಿಯಲಿಲ್ಲ.

"ಗಂಗಣ್ಣ ಒಂದು ಮಾತೂ ಅನ್ಲಿಲ್ಲ ಸ್ವಾಮಿ. ಹದಿನಾಲ್ಕು ವರ್ಸ ಬದ್ಕಿದ್ದ ಆಮ್ಯಾಕೆ. ಒಂದ್ ದಿನಾನೂ ನಿನ್ನಿಂದ ಅಂತ ಅನ್ಲಿಲ್ಲ. ಅಂದಿದ್ರೆ ಚೆನ್ನಾಗಿತ್ತು. ನಾನೂ ಅವನ್ಮ್ಯಾಲೆ ಜಗಳ ಕಾಯ್ತಿದ್ದೆ, ಅಳ್ತಿದ್ದೆ. ಮುಗ್ದೋಗದು."

ಮುಂದಿನ ವರ್ಷ ಹೊಸ ಹಾರಕ ಬಂದಾಗ ಅತ್ತೆ ನಾಯಿಯನ್ನು ಕರೆದರೆ, ಸೊಸೆ ಮಡಕೆಯನ್ನು ತನ್ನ ಮುಂದೆ ಎಳೆದುಕೊಂಡು, ಎಲ್ಲರಿಗಿಂತ ಮೊದಲು ಕೂತು ಉಂಡುಬಿಟ್ಟಳಂತೆ. ಗಂಡಸರಿಗಿಂತ ಮುಂಚೆ ಉಂಡವಳು ಎಂದು ಹಟ್ಟಿಯಲ್ಲಿ ಬೈಗುಳವೋ ಬೈಗುಳ. ಮೂರನೆಯ ವರ್ಷ ಪಕ್ಕದ ಮನೆಯ ಹಾರಕ ಉಂಡು ಎರಡು ದಿನ ಮಲಗಿದಳು. ಆ ಮನೆಯಲ್ಲಿ ಐದು ಮಕ್ಕಳಿದ್ದರು. ಆಮೇಲೆ ಯಾರೂ ಬೈಯಲಿಲ್ಲ. ಕಾಳು ತರತೊಡಗಿದರು.

ಇದನ್ನು ತ್ಯಾಗ ಎಂದು ಬರೆಯಬೇಕೆಂದು ನನ್ನ ಲೇಖನಿ ತುಡಿಯುತ್ತಿತ್ತು. ಆ ಮಾತನ್ನು ಆಡಿಯೂ ಆಡಿದೆ. ಅವಳಿಗೆ ಅದು ಹಿಡಿಸಲಿಲ್ಲ. "ದೊಡ್ಡ ಮಾತೆಲ್ಲ ಬ್ಯಾಡಿ. ಅವತ್ತು ಉಣ್ಬೇಕಾಗಿದ್ದ ತುತ್ತು ಇದು. ಇವತ್ತು ಉಣ್ತಾವ್ನಿ, ಅಷ್ಟೇಯ."

ಸಂಜೆ ನಾನು ಪುರವರಕ್ಕೆ ಹಿಂತಿರುಗಿ ಹೊರಟಾಗ ಅವಳು ಚೆನ್ನಾಗಿಯೇ ಇದ್ದಳು. ದನ ಬರುವ ದಾರಿಯಲ್ಲಿ ಧೂಳು, ಬದಿಗೆ ನಿಂತು ಹೋಗಿ ಎಂದು ಎಚ್ಚರಿಸಿದಳು. ಕ್ಯಾತಣ್ಣ ಅವಳ ಜಗಲಿಯಲ್ಲೇ ಮಲಗುವುದಾಗಿ ಹೇಳಿದ. ಅವನ ಮುಖದಲ್ಲಿ ಆಸೆ ಕಾಣುತ್ತಿತ್ತು. ನನಗೂ ಆಸೆಯಿತ್ತು. ಶಾಲೆಯ ಕಟ್ಟಡದಲ್ಲಿ ಮೇಷ್ಟರ ಹೆಸರು ಹೇಳಿ ಮಲಗಲು ಜಾಗ ಪಡೆದು, ನಾಳೆ ಆ ಮಕ್ಕಳು ಹಾರಕದ ಅನ್ನ ಉಣ್ಣುವುದನ್ನು ನೋಡಿ, ಅಲ್ಲಿಗೇ ಲೇಖನ ಮುಗಿಸಬಹುದು ಎಂದೂ ಲೆಕ್ಕ ಹಾಕಿದ್ದೆ. ನಮ್ಮ ಕಸುಬಿನವರ ಬುದ್ಧಿ ಎಷ್ಟಾದರೂ ಅಷ್ಟೇ.

ಬೆಳಕು ಹರಿಯುವಾಗ ಹಟ್ಟಿಗೆ ಬಂದರೆ ಹೊನ್ನಕ್ಕ ಹುಣಸೆಮರದ ಬುಡಕ್ಕೆ ಒರಗಿದ್ದಾಳೆ. ಕಂಬಳಿ ಹೊದಿಸಿದ್ದಾರೆ. ತುಟಿ ಒಣಗಿದೆ, ತಲೆ ನಿಲ್ಲುತ್ತಿಲ್ಲ, ಎರಡೂ ಕೈ ಕಂಬಳಿಯ ಒಳಗೇ ನಡುಗುತ್ತಿವೆ. ಪಕ್ಕದಲ್ಲಿ ಕ್ಯಾತಣ್ಣ ಮಜ್ಜಿಗೆ ಕುಡಿಕೆ ಹಿಡಿದು ಕೂತಿದ್ದಾನೆ. ಕಣ್ಣು ಕೆಂಪಾಗಿದೆ.

"ನೀವೋಗಿ ದೀಪ ಹಚ್ಚೋ ಹೊತ್ಗೆ ಸುರುವಾಯ್ತು ಸ್ವಾಮಿ" ಎನ್ನುತ್ತಾನೆ. "ಮೂರು ಕಿತ ಕಕ್ಕೊಂಡ್ಳು. ಈಗ ವಾಸಿ. ಮ್ಯಾಲಿಂದಾದ್ರೂ ಕೊಡು ಅಂತ ಗೋಳಾಡಿದ್ನಲ್ಲ ನಾನು. ಕೊಟ್ಬುಟ್ಟಿದ್ರೆ?"

ಹೊನ್ನಕ್ಕ ಕಣ್ಣು ತೆರೆದು ಬಾನಿಯ ಕಡೆ ತೋರಿಸುತ್ತಾಳೆ. ಕ್ಯಾತಣ್ಣ ಕೆಮ್ಮಣ್ಣಿನ ಬಾನಿಯನ್ನು ತಂದು ಮುಂದಿಡುತ್ತಾನೆ, ಚೀಲಗಳನ್ನು ಒಂದೊಂದಾಗಿ ಎಳೆದು ತರುತ್ತಾನೆ. ಅವಳು ಕೈ ಅದ್ದುತ್ತಾಳೆ. ಕೈ ನಡುಗಿ ಮಣ್ಣು ಚೆಲ್ಲುತ್ತದೆ. ಅವನೇ ಅವಳ ಮುಂಗೈ ಹಿಡಿದು ತನ್ನ ಚೀಲದ ಮೇಲೆ ಒತ್ತಿಸಿಕೊಳ್ಳುತ್ತಾನೆ. ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ. ಆರು ತಿಂಗಳು ಬೆಳೆದದ್ದು, ಒಂದು ಮಳೆಯಲ್ಲಿ ನೆನೆದದ್ದು, ಮುಂದಿನ ಮಾರ್ಗಶಿರದ ತನಕ ಇನ್ನು ಹೊರೆ. ಬೇಲಿಯ ಹತ್ತಿರ ನಿಂತ ಹೆಂಗಸರಲ್ಲಿ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

"ಒಳಗೆ ಮೂಲೇಲಿ ವಾಡೆ ಐತೆ ನೋಡು" ಎಂದು ಹೊನ್ನಕ್ಕ ಕ್ಯಾತಣ್ಣನಿಗೆ ಮೆಲ್ಲಗೆ ಹೇಳುತ್ತಾಳೆ. ವಾಡೆಯೆಂದರೆ ಕಾಳು ತುಂಬುವ ಮಣ್ಣಿನ ದೊಡ್ಡ ಗುಡಾಣ. "ಅದ್ರಾಗೆ ಆರು ವರ್ಸದ ಹಳೇದೈತೆ. ನಂಗೆ ಬಂದಿದ್ ಕೂಲೀಲಿ ಮಿಗಿಸಿದ್ದು. ತಕ್ಕೊಂಡೋಗು. ವಾರ ಬರ್ತದೆ. ಆಮೇಲಕ್ಕೆ ಡಿಪೋದ ಜೋಳ ಬರ್ಬೌದು."

"ನಿಂಗೆ ಅಕ್ಕ?"

"ನಂಗೆ ಈಗ ಎಲ್ಲಿ ಉಣ್ಣೋಕಾಯ್ತದೆ? ಹೋಗು. ಲೇ ಕ್ಯಾತ, ಬಾಣಂತಿಗೆ ಮೊದ್ಲು ಹಾಕು. ಅವ್ಳು ಉಂಡಾದ್ಮ್ಯಾಕೆ ಹೈಕ್ಳು. ನೀನು ಕಡೇಗೆ ಉಣ್ಣು."

ಕ್ಯಾತಣ್ಣ ಹೂಂ ಎನ್ನುತ್ತಾನೆ. ಹಳೆಯ ಹಾರಕದ ಗಂಟು ಹೊತ್ತು ಅವನು ಹೋಗುವುದನ್ನು ಅವಳು ಕೊನೆಯ ತನಕ ನೋಡುತ್ತಾಳೆ. ಸ್ವಲ್ಪ ಹೊತ್ತಿಗೆ ಅವನ ಮನೆಯ ಸೂರಿನಿಂದ ಹೊಗೆ ಏಳುತ್ತದೆ. ಬಿಸಿಲು ಮರದ ಬುಡಕ್ಕೆ ಬರುತ್ತದೆ. ನಾನು ಮಜ್ಜಿಗೆಯ ಕುಡಿಕೆಯನ್ನು ಅವಳ ಬಾಯಿಗೆ ಹಿಡಿಯುತ್ತೇನೆ. ಅದರಿಂದ ಗುಣವಾಗುತ್ತದೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಆಗಿರಲಿಲ್ಲ.

ಅವಳ ನಂತರ ಯಾರು ಎಂಬ ಪ್ರಶ್ನೆ ಮನಸ್ಸಿನಲ್ಲಿತ್ತು. ಕೇಳುವ ಧೈರ್ಯವಾಗಲಿಲ್ಲ. ಇನ್ನೊಬ್ಬರು ಈ ಕೆಲಸಕ್ಕೆ ಬರಲಿ ಎಂದು ಬಯಸುವುದಾದರೂ ಹೇಗೆ? ಅದರ ಬದಲು ನಮ್ಮಂಥವರು ಎಲ್ಲರಿಗೂ ಕೇಳುವ ಆ ಹಳೆಯ ಪ್ರಶ್ನೆಯನ್ನೇ ಕೇಳಿದೆ. ನಿನಗೆ ಏನಾದರೂ ಆಗಬೇಕೆ, ಹೊನ್ನಕ್ಕ? ಪತ್ರಿಕೆಯಲ್ಲಿ ಬರೆದರೆ ಯಾರಾದರೂ ಮಾಡಿಕೊಟ್ಟಾರು.

ಅವಳು ಬೇಡವೆಂದು ತಲೆಯಾಡಿಸಿದಳು. ಆಮೇಲೆ ಏನೋ ನೆನಪಾದವಳಂತೆ ನನ್ನ ಕಡೆ ತಿರುಗಿದಳು.

"ಸತ್ತೋರಿಗೆ ವರ್ಸಕ್ಕೊಂದು ಎಡೆ ಇಡ್ತಾರಲ್ಲ ಸ್ವಾಮಿ. ನಂಗೂ ಯಾರಾದ್ರೂ ಇಟ್ರೆ, ಹೊಸ ಹಾರಕದಲ್ಲಿ ಮಾಡ್ಬ್ಯಾಡಿ ಅಂತ ಬರೀರಿ. ಹಳೇದ್ರಲ್ಲೇ ಮಾಡ್ಲಿ."

ಸತ್ತವರಿಗೆ ಹೊಸದಾದರೇನು, ಹಳೆಯದಾದರೇನು ಎಂದು ನಾನು ಕೇಳಿದೆ.

"ಅಲ್ಲಿ ಜುಂಜಿ ಇರ್ತಾಳಲ್ಲ" ಎಂದಳು ಹೊನ್ನಕ್ಕ. "ಹಸ್ಕೊಂಡಿರ್ತಾಳೆ. ನಾನು ಉಂಡು ನೋಡೋಗಂಟ ಅವ್ಳು ಕಾಯಾಕಿಲ್ಲ."